ಸಾಲಕ್ಕಿಂತ ಮೊದಲು ಲೆಕ್ಕದ ನೆರವು ಕೊಡಿ

ಮಾನ್ಯ ಸಂಪಾದಕರೇ,

2025ರ ಜುಲೈ ತಿಂಗಳಲ್ಲಿ ರಾಜ್ಯದ ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸುಗಳು ಬಂದಾಗ ಎದ್ದ ಗದ್ದಲ ಓದುಗರಿಗೆ ನೆನಪಿರಬಹುದು. 2021–22ರಿಂದ 2024–25ರವರೆಗೆ ಯುಪಿಐ ಮೂಲಕ ಖಾತೆಗೆ ಬಂದ ಹಣವನ್ನು ಆಧಾರವಾಗಿಟ್ಟುಕೊಂಡು ಲಕ್ಷಗಟ್ಟಲೆ ರೂಪಾಯಿ ತೆರಿಗೆ ಕೇಳಿದ್ದರಿಂದ ಕಂಗಾಲಾದ ಎಷ್ಟೋ ವ್ಯಾಪಾರಿಗಳು ಕ್ಯೂಆರ್ ಕೋಡ್ ಕಿತ್ತುಹಾಕಿ, ‘ನಗದು ಮಾತ್ರ’ ಎಂಬ ಚೀಟಿ ಅಂಟಿಸಿದರು. ಜುಲೈ 25ರಂದು ಬಂದ್ ನಡೆಸುವ ಕರೆಯೂ ಬಂತು. ಅದಕ್ಕೆ ಎರಡು ದಿನ ಮೊದಲು ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ವ್ಯಾಪಾರಿಗಳ ಸಭೆ ಕರೆದು, ಹಳೆಯ ಬಾಕಿಗೆ ಒತ್ತಾಯಿಸುವುದಿಲ್ಲ, ಆದರೆ ಜಿಎಸ್‌ಟಿ ನೋಂದಣಿ ಮಾಡಿಸಿಕೊಳ್ಳಲೇಬೇಕು ಎಂದು ತಿಳಿಸಿದ ಮೇಲೆ ವಿಷಯ ತಣ್ಣಗಾಯಿತು. ದಾವಣಗೆರೆಯಲ್ಲಿ ಸಣ್ಣ ಅಂಗಡಿಗಳ ಮತ್ತು ಮಂಡಕ್ಕಿ ಭಟ್ಟಿಗಳ ಲೆಕ್ಕಪತ್ರ ಬರೆಯುವುದನ್ನೇ ಕಸುಬಾಗಿ ಮಾಡಿಕೊಂಡಿರುವ ನನಗೆ, ಅದು ಹಾಗೆ ತಣ್ಣಗಾಗಿಬಿಟ್ಟದ್ದೇ ಕಳವಳದ ಸಂಗತಿಯಾಗಿ ಕಾಣುತ್ತಿದೆ. ಬೆಳಗಿನ ಐದರಿಂದ ರಾತ್ರಿ ಹತ್ತರವರೆಗೆ ಅಂಗಡಿಯಲ್ಲಿ ನಿಲ್ಲುವವರಿಗೆ ತಮ್ಮ ವರ್ಷದ ವಹಿವಾಟು ಎಷ್ಟು, ಅದರಲ್ಲಿ ಉಳಿದದ್ದೆಷ್ಟು ಎಂಬುದಕ್ಕೆ ಕಾಗದದ ಮೇಲೆ ಉತ್ತರವಿಲ್ಲ ಎಂಬುದನ್ನು ಆ ನೋಟಿಸುಗಳು ಎತ್ತಿ ತೋರಿಸಿದ್ದವು. ನೋಟಿಸು ನಿಂತಿತು, ಕೊರತೆ ಮಾತ್ರ ಹಾಗೆಯೇ ಉಳಿದಿದೆ.

ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ದಾಟಿದರೆ, ಸೇವೆ ಒದಗಿಸುವವರದು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. 40 ಲಕ್ಷ ಎಂದರೆ ದೊಡ್ಡ ಮೊತ್ತವೆಂದು ಕೇಳಿದವರಿಗೆ ಅನ್ನಿಸುತ್ತದೆ. ದಿನದ ಲೆಕ್ಕಕ್ಕೆ ಇಳಿಸಿದರೆ ಅದು ಸುಮಾರು 11 ಸಾವಿರ ರೂಪಾಯಿ. ಬಸ್ ನಿಲ್ದಾಣದ ಹತ್ತಿರ ಹಾಲು, ಬ್ರೆಡ್, ಬಿಸ್ಕತ್ತು, ಸಿಗರೇಟು ಮಾರುವ ಅಂಗಡಿ ಅಷ್ಟು ವ್ಯಾಪಾರವನ್ನು ಸುಲಭವಾಗಿ ಮಾಡುತ್ತದೆ, ಆದರೆ ಅದರಲ್ಲಿ ಮಾಲೀಕರ ಕೈಗೆ ಉಳಿಯುವುದು ಬಹಳ ಕಡಿಮೆ. ಕಾನೂನು ನೋಡುವುದು ಗಲ್ಲಾಪೆಟ್ಟಿಗೆಗೆ ಬಂದ ಹಣವನ್ನು, ಮನೆಗೆ ಹೋದ ಹಣವನ್ನಲ್ಲ. ಹಾಲು, ಬ್ರೆಡ್, ಹಸಿ ತರಕಾರಿಗಳ ಮೇಲೆ ತೆರಿಗೆ ಇಲ್ಲದಿದ್ದರೂ, ಅವುಗಳ ಜೊತೆಗೆ ತೆರಿಗೆ ಇರುವ ಪದಾರ್ಥಗಳನ್ನೂ ಮಾರುತ್ತಿದ್ದರೆ 40 ಲಕ್ಷದ ಮಿತಿಯನ್ನು ಎಣಿಸುವಾಗ ಎರಡನ್ನೂ ಕೂಡಿಸಬೇಕು ಎಂಬುದು ಹೆಚ್ಚಿನವರಿಗೆ ತಿಳಿದಿರುವುದಿಲ್ಲ. ತೆರಿಗೆ ವಿನಾಯಿತಿಯ ಪದಾರ್ಥಗಳನ್ನು ಮಾತ್ರ ಮಾರುವವರಿಗೆ ನೋಂದಣಿಯೇ ಬೇಕಾಗಿಲ್ಲ ಎಂಬುದೂ ಅಷ್ಟೇ ಜನಕ್ಕೆ ತಿಳಿದಿಲ್ಲ.

ನೋಟಿಸು ಬಂದಿದ್ದ ಒಂದು ಬೇಕರಿಯ ಬ್ಯಾಂಕ್ ಖಾತೆಯ ವಿವರವನ್ನು ತೆಗೆಸಿ, ಪೆನ್ಸಿಲ್ ಹಿಡಿದು ಗಂಡ ಹೆಂಡತಿ ಇಬ್ಬರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಸಾಲು ಸಾಲಾಗಿ ನೋಡಿದ್ದೇನೆ. ಹತ್ತು, ಇಪ್ಪತ್ತು, ಮೂವತ್ತೈದು ರೂಪಾಯಿಗಳ ನೂರಾರು ಜಮೆಗಳ ನಡುವೆ ಊರಿನಿಂದ ಅಣ್ಣ ಕಳಿಸಿದ ಅಡಿಕೆ ಮಾರಿದ ಹಣವಿತ್ತು, ಎತ್ತಿದ ಚೀಟಿಯ ಹಣವಿತ್ತು, ಮಗಳ ಮದುವೆಗೆ ನೆಂಟರು ಫೋನಿನಲ್ಲೇ ಕಳಿಸಿದ ಮುಯ್ಯಿಯಿತ್ತು, ಪಕ್ಕದ ಅಂಗಡಿಯವರು ಚಿಲ್ಲರೆಗಾಗಿ ಹಾಕಿ ಮತ್ತೆ ನಗದಾಗಿ ಒಯ್ದ ಹಣವೂ ಇತ್ತು. ಇದೆಲ್ಲ ಒಂದೇ ಖಾತೆ, ಒಂದೇ ಕ್ಯೂಆರ್ ಕೋಡ್. ಯಾವುದು ಮನೆಯದು, ಯಾವುದು ಅಂಗಡಿಯದು ಎಂದು ಆ ತಾಯಿ ತಿಂಗಳುಗಟ್ಟಲೆ ಹಿಂದಿನದನ್ನೂ ನೆನಪಿನಿಂದಲೇ ಹೇಳುತ್ತಿದ್ದರು, ನೆನಪು ಬಹುಮಟ್ಟಿಗೆ ಸರಿಯಾಗಿಯೂ ಇತ್ತು. ಆದರೆ ಅಧಿಕಾರಿಯ ಮುಂದೆ ನೆನಪನ್ನು ದಾಖಲೆಯಾಗಿ ಇಡಲು ಬರುವುದಿಲ್ಲ. ಆರಂಭದಲ್ಲೇ ಯಾರಾದರೂ ಅವರಿಗೆ ಅಂಗಡಿಗೆಂದೇ ಒಂದು ಖಾತೆ ತೆರೆಸಿ, ರಾಜಿ ತೆರಿಗೆ ಪದ್ಧತಿಯ ಬಗ್ಗೆ ಹೇಳಿದ್ದರೆ ಈ ಸಂಕಟವೇ ಬರುತ್ತಿರಲಿಲ್ಲ. ಆ ಪದ್ಧತಿಯಲ್ಲಿ ಒಂದೂವರೆ ಕೋಟಿ ರೂಪಾಯಿ ವಹಿವಾಟಿನವರೆಗೆ ವ್ಯಾಪಾರಿಗಳು ಮತ್ತು ತಯಾರಕರು ಶೇ 1ರಷ್ಟು, ಹೋಟೆಲಿನವರು ಶೇ 5ರಷ್ಟು ತೆರಿಗೆಯನ್ನು ಮೂರು ತಿಂಗಳಿಗೊಮ್ಮೆ ಕಟ್ಟಿ, ವರ್ಷಕ್ಕೊಂದು ರಿಟರ್ನ್ ಸಲ್ಲಿಸಿದರೆ ಸಾಕು. ಗಿರಾಕಿಯಿಂದ ತೆರಿಗೆ ವಸೂಲಿ ಮಾಡುವಂತಿಲ್ಲ, ಖರೀದಿಯ ಮೇಲೆ ಕೊಟ್ಟ ತೆರಿಗೆಯನ್ನು ವಾಪಸ್ ಪಡೆಯುವಂತಿಲ್ಲ, ಹೊರರಾಜ್ಯಕ್ಕೆ ಸರಕು ಮಾರುವಂತಿಲ್ಲ ಎಂಬ ಕಟ್ಟುಗಳು ಅದಕ್ಕಿವೆ. ಇದನ್ನು ಮೊದಲೇ ಕೇಳಿ ಪಡೆಯಬೇಕು, ಕಳೆದುಹೋದ ವರ್ಷಗಳಿಗೆ ಸಿಗುವುದಿಲ್ಲ. ಮುಂಚಿತವಾಗಿ ಹೇಳುವವರಿಲ್ಲದೆ ಹೋದದ್ದರ ಬೆಲೆ ಎಷ್ಟು ಎಂಬುದು ಇಲ್ಲಿ ಗೊತ್ತಾಗುತ್ತದೆ.

ತೆರಿಗೆಯ ಮಾತು ಇಷ್ಟಕ್ಕೇ ಸಾಕು. ಲೆಕ್ಕ ಇಲ್ಲದಿರುವುದರ ನಿಜವಾದ ಪೆಟ್ಟು ಬೀಳುವುದು ಲಾಭದ ಮೇಲೆ. ದೊಡ್ಡ ಮಳಿಗೆಗಳು ನಮ್ಮಂಥ ಜಿಲ್ಲಾ ಕೇಂದ್ರಗಳಿಗೂ ಬಂದಿವೆ, ಬೆಂಗಳೂರಿನಲ್ಲಂತೂ ಹತ್ತು ನಿಮಿಷದಲ್ಲಿ ಮನೆಬಾಗಿಲಿಗೆ ಸಾಮಾನು ಬರುತ್ತದೆ. ಸೋಪು, ಟೂತ್‌ಪೇಸ್ಟು, ಬಿಸ್ಕತ್ತುಗಳ ಬೆಲೆಯಲ್ಲಿ ಅವುಗಳ ಎದುರು ಕಿರಾಣಿ ಅಂಗಡಿ ನಿಲ್ಲಲಾರದು. ಅದು ನಿಲ್ಲಬಲ್ಲದ್ದು ಬಿಡಿ ಬೇಳೆಕಾಳು, ಎದುರಿಗೇ ಬೀಸಿಕೊಡುವ ಖಾರದಪುಡಿ, ಹಬ್ಬಕ್ಕೆ ಬೇಕಾದ ಹತ್ತಾರು ಸಣ್ಣ ಸಾಮಾನು, ತಿಂಗಳ ಉದ್ರಿ, ಮುಖಪರಿಚಯ ಇವುಗಳ ಬಲದ ಮೇಲೆ. ಹಾಗಿದ್ದೂ ಹೆಚ್ಚಿನ ಅಂಗಡಿಗಳಲ್ಲಿ ಮುಂದಿನ ಸಾಲಿನ ಜಾಗವನ್ನೂ ಬಂಡವಾಳದ ಬಹುಪಾಲನ್ನೂ ಹಿಡಿದಿರುವುದು ಅತ್ಯಂತ ಕಡಿಮೆ ಉಳಿಕೆಯ ಕಂಪನಿ ಸರಕೇ. ಯಾವ ಸಾಮಾನಿಗೆ ಎಷ್ಟು ಹಣ ಹೂಡಿದ್ದೇವೆ, ಅದು ಎಷ್ಟು ದಿನಕ್ಕೆ ತಿರುಗಿ ಬರುತ್ತದೆ, ಉದ್ರಿ ಎಷ್ಟು ನಿಂತಿದೆ ಎಂಬ ಮೂರು ಕಲಮುಗಳನ್ನು ಮೂರು ತಿಂಗಳು ಬರೆದಿಟ್ಟರೆ, ಯಾವುದನ್ನು ಕಡಿಮೆ ಮಾಡಬೇಕು, ಯಾವುದನ್ನು ಹೆಚ್ಚಿಸಬೇಕು ಎಂಬುದನ್ನು ಮಾಲೀಕರಿಗೆ ಹೊರಗಿನವರು ಹೇಳಬೇಕಾಗಿಯೇ ಇಲ್ಲ.

ನಮ್ಮೂರಿನ ಮಂಡಕ್ಕಿ ಭಟ್ಟಿಗಳ ವಿಷಯವನ್ನೂ ಹೇಳಬೇಕು. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿಸಿ, ಕಾದ ಮರಳಿನಲ್ಲಿ ಹುರಿದು ಚೀಲ ತುಂಬುವವರೆಗಿನ ಶ್ರಮ ಭಟ್ಟಿಯ ಕುಟುಂಬದ್ದು, ಆದರೆ ಬೆಲೆ ಕಟ್ಟುವುದು ಸಗಟು ಖರೀದಿದಾರರು. ‘ನೀವೇ ಪ್ಯಾಕೆಟ್ ಮಾಡಿ, ನಿಮ್ಮದೇ ಬ್ರ್ಯಾಂಡ್ ಮಾಡಿ’ ಎಂದು ತರಬೇತಿ ಶಿಬಿರಗಳಲ್ಲಿ ಉತ್ಸಾಹದಿಂದ ಹೇಳಿ ಕಳಿಸುತ್ತಾರೆ. ಸಲಹೆ ಕೆಟ್ಟದ್ದೇನಲ್ಲ. ಆದರೆ ಚೀಲದಲ್ಲಿ ಬಿಡಿಯಾಗಿ ಮಾರುವ ಮಂಡಕ್ಕಿಗೆ ತೆರಿಗೆ ಇಲ್ಲ, ಪ್ಯಾಕೆಟ್ ಮಾಡಿ ಲೇಬಲ್ ಹಚ್ಚಿದ ಮಂಡಕ್ಕಿಗೆ ಶೇ 5 ತೆರಿಗೆ ಇದೆ. ಅದರ ಮೇಲೆ ಪ್ಲಾಸ್ಟಿಕ್ ಚೀಲದ ಖರ್ಚು, ಸೀಲಿಂಗ್ ಯಂತ್ರ, ಆಹಾರ ಸುರಕ್ಷತೆಯ ನೋಂದಣಿ, ತೂಕ ಮತ್ತು ದಿನಾಂಕ ನಮೂದಿಸುವ ನಿಯಮ, ಅಂಗಡಿಯವರಿಗೆ ಬಿಡಬೇಕಾದ ಕಮಿಷನ್ ಇವೆ. ಮಳೆಗಾಲದಲ್ಲಿ ಮೆತ್ತಗಾಗಿ ವಾಪಸ್ ಬರುವ ಮಾಲಿನ ನಷ್ಟವನ್ನು ಯಾರು ಹೊರಬೇಕು ಎಂಬ ಪ್ರಶ್ನೆಯೂ ಇದೆ. ಇವನ್ನೆಲ್ಲ ಕೂಡಿಸಿ ನೋಡಿದರೆ ಕೆಲವು ಭಟ್ಟಿಗಳಿಗೆ ಪ್ಯಾಕೆಟ್ ಲಾಭದ್ದು, ಕೆಲವಕ್ಕೆ ಚೀಲವೇ ಲೇಸು. ಈ ಕೂಡಿಸಿ ಕಳೆಯುವ ಕೆಲಸವನ್ನು ಶಿಬಿರದ ಭಾಷಣ ಮಾಡಿಕೊಡುವುದಿಲ್ಲ, ಭಟ್ಟಿಗೆ ಹೋಗಿ ಜೊತೆಯಲ್ಲಿ ಕುಳಿತವರು ಮಾತ್ರ ಮಾಡಿಕೊಡಬಲ್ಲರು.

ಸರ್ಕಾರಗಳು ಏನೂ ಮಾಡಿಲ್ಲವೆಂದು ನಾನು ಹೇಳುವುದಿಲ್ಲ. 2015ರಲ್ಲಿ ಬಂದ ಮುದ್ರಾ ಯೋಜನೆಯಲ್ಲಿ 50 ಸಾವಿರದ ಶಿಶು ಸಾಲದಿಂದ ಹಿಡಿದು, ಹಿಂದಿನ ಸಾಲ ಸರಿಯಾಗಿ ತೀರಿಸಿದವರಿಗೆ 20 ಲಕ್ಷದವರೆಗೂ ಸಾಲವಿದೆ. 2020ರಲ್ಲಿ ಬಂದ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಯೋಜನೆಯಲ್ಲಿ ಸಿಗುವ ಶೇ 35ರ ಸಹಾಯಧನಕ್ಕೆ ನಮ್ಮ ರಾಜ್ಯ ಹೆಚ್ಚುವರಿಯಾಗಿ ಶೇ 15 ಸೇರಿಸಿ ಒಟ್ಟು ಶೇ 50 ಕೊಡುತ್ತ ಬಂದಿದೆ. ಬೀದಿ ವ್ಯಾಪಾರಿಗಳಿಗೆ ಸ್ವನಿಧಿ ಸಾಲ ಯೋಜನೆ ಇದೆ. ಸಣ್ಣ ಉದ್ದಿಮೆಗಳು ಸರ್ಕಾರದಲ್ಲಿ ಮಾಡಿಸಿಕೊಳ್ಳುವ ಉದ್ಯಮ್ ನೋಂದಣಿಗೆ ಒಂದು ಪೈಸೆಯೂ ಬೇಡ, ಆದರೂ ಅದನ್ನು ಮಾಡಿಸಿಕೊಡುತ್ತೇವೆಂದು ಸಾವಿರಾರು ರೂಪಾಯಿ ಕೀಳುವವರು ಪ್ರತಿ ಊರಿನಲ್ಲೂ ಇದ್ದಾರೆ ಎಂಬುದನ್ನು ಓದುಗರು ಗಮನಿಸಬೇಕು. ಈ ಯೋಜನೆಗಳು ಹೆಚ್ಚಾಗಿ ಕೈಗೆ ಹಣ ಕೊಡುವಂಥವು. ಎಲ್ಲಿ ಸೋರುತ್ತಿದೆ ಎಂದು ತಿಳಿಯದೆ ಪಡೆದ ಸಾಲ ತೂತು ಬಿಂದಿಗೆಗೆ ನೀರು ಹೊಯ್ದಂತೆ ಆಗುತ್ತದೆ. ಬ್ಯಾಂಕಿನವರು ಎರಡು ವರ್ಷದ ಲೆಕ್ಕಪತ್ರ ಕೇಳುತ್ತಾರೆ, ಅದು ಇರುವುದಿಲ್ಲ. ಆಗ ಅದೇ ವ್ಯಾಪಾರಿ ಬೆಳಿಗ್ಗೆ ಕೊಟ್ಟು ಸಂಜೆ ವಸೂಲಿ ಮಾಡುವವರ ಬಳಿಗೆ, ಮೀಟರ್ ಬಡ್ಡಿಗೆ ಹೋಗುತ್ತಾನೆ. ಸಾಲ ವಸೂಲಿಯ ಕಿರುಕುಳ ತಡೆಯಲು 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತರಬೇಕಾಗಿ ಬಂತು. ಕಿರುಕುಳಕ್ಕೆ ಕಾನೂನು ಬೇಕು, ಒಪ್ಪುತ್ತೇನೆ, ಆದರೆ ಜನ ಅಲ್ಲಿಗೆ ಹೋಗುವ ದಾರಿಯನ್ನೂ ಮುಚ್ಚಬೇಕು. ನಗದಿಗೆ ಹಿಂತಿರುಗಿದ ಅಂಗಡಿಗಳ ಬಗ್ಗೆ ನನಗೆ ಬೇಸರವಾಗುವುದೂ ಇದೇ ಕಾರಣಕ್ಕೆ, ಯುಪಿಐ ಜಮೆಗಳೇ ಅವರ ಪಾಲಿಗೆ ಬ್ಯಾಂಕಿನಲ್ಲಿ ತೋರಿಸಬಹುದಾಗಿದ್ದ ಮೊದಲ ಪುರಾವೆಯಾಗಿದ್ದವು.

ಉತ್ಪಾದನೆ ಮಾಡುವ ಸಣ್ಣ ಘಟಕಗಳ ತೊಂದರೆ ಬೇರೆ ಬಗೆಯದು. ಪಕ್ಕದ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ನಿಂತಾಗ, ಅದೊಂದನ್ನೇ ನಂಬಿದ್ದ ಲೇತ್ ಅಂಗಡಿಗಳು ಏನಾದವು ಎಂಬುದನ್ನು ಈ ಭಾಗದವರು ಕಣ್ಣಾರೆ ಕಂಡಿದ್ದಾರೆ. ಇಂದಿಗೂ ಒಂದೇ ದೊಡ್ಡ ಗಿರಾಕಿಯನ್ನು ನೆಚ್ಚಿ, ಆತ ಬಿಲ್ಲಿನ ಹಣವನ್ನು ನಾಲ್ಕೈದು ತಿಂಗಳು ತಡೆದರೂ ಸುಮ್ಮನಿರುವ ಘಟಕಗಳು ಎಷ್ಟೋ ಇವೆ. ಲಿಖಿತ ಒಪ್ಪಂದವಿದ್ದರೂ 45 ದಿನ ಮೀರುವಂತಿಲ್ಲ, ಇಲ್ಲದಿದ್ದರೆ 15 ದಿನದೊಳಗೆ ಕೊಡಬೇಕು, ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಎಂದು ಸಣ್ಣ ಉದ್ದಿಮೆಗಳ ಕುರಿತ 2006ರ ಕಾಯ್ದೆ ಹೇಳುತ್ತದೆ. ಅವಧಿ ಮೀರಿಯೂ ಕೊಡದೆ ಉಳಿಸಿಕೊಂಡ ಬಾಕಿಯನ್ನು ಗಿರಾಕಿ ಆ ವರ್ಷದ ಖರ್ಚೆಂದು ತೋರಿಸದಂತೆ ಆದಾಯ ತೆರಿಗೆ ಕಾನೂನಿಗೂ 2024ರ ಏಪ್ರಿಲ್‌ನಿಂದ ತಿದ್ದುಪಡಿ ಬಂದಿದೆ. ಆದರೂ ದೂರು ಕೊಟ್ಟರೆ ಮುಂದಿನ ಆರ್ಡರ್ ಹೋದೀತೆಂಬ ಭಯವೇ ಗೆಲ್ಲುತ್ತದೆ. ಬರಬೇಕಾದ ಹಣದ ಪಟ್ಟಿ ದಿನಾಂಕಸಹಿತ ಕೈಯಲ್ಲಿದ್ದರೆ, ಯಾವ ಗಿರಾಕಿಯಿಂದ ನಿಜಕ್ಕೂ ಲಾಭವಾಗುತ್ತಿದೆ, ಯಾರಿಗೆ ನಾವೇ ಬಡ್ಡಿಯಿಲ್ಲದ ಸಾಲ ಕೊಡುತ್ತಿದ್ದೇವೆ ಎಂಬುದಾದರೂ ತಿಳಿದು, ಎರಡನೆಯ ಗಿರಾಕಿಯನ್ನು ಹುಡುಕುವ ಧೈರ್ಯ ಬರುತ್ತದೆ.

ಈಗ ನನ್ನ ಬೇಡಿಕೆ. ಪ್ರತಿ ಜಿಲ್ಲಾ ಕೈಗಾರಿಕಾ ಕೇಂದ್ರದ ಅಡಿಯಲ್ಲಿ, ತಾಲ್ಲೂಕಿಗೊಂದರಂತೆ ಲೆಕ್ಕ ಸಹಾಯ ಕೇಂದ್ರ ತೆರೆಯಬೇಕು. ಇದಕ್ಕೆ ಹೊಸ ಕಟ್ಟಡ ಬೇಡ, ಎಪಿಎಂಸಿ ಯಾರ್ಡಿನಲ್ಲೋ ಪಾಲಿಕೆಯ ಮಳಿಗೆಯಲ್ಲೋ ಒಂದು ಕೋಣೆ ಸಾಕು. ನಮ್ಮ ಜಿಲ್ಲೆಯಲ್ಲೇ ಪ್ರತಿ ವರ್ಷ ನೂರಾರು ವಿದ್ಯಾರ್ಥಿಗಳು ಬಿ.ಕಾಂ. ಮುಗಿಸುತ್ತಾರೆ, ಅವರಲ್ಲಿ ಒಂದು ನಿಜವಾದ ಅಂಗಡಿಯ ಕಿರ್ದಿ ಪುಸ್ತಕವನ್ನು ಕಂಡವರು ವಿರಳ. ಅಂತಿಮ ವರ್ಷದ ವಿದ್ಯಾರ್ಥಿಗಳನ್ನು, ಅನುಭವಿ ಲೆಕ್ಕಿಗರ ಮೇಲ್ವಿಚಾರಣೆಯಲ್ಲಿ, ಒಬ್ಬರಿಗೆ ಐದಾರು ಅಂಗಡಿಗಳಂತೆ ಆರು ತಿಂಗಳು ಕಳಿಸಿ, ಆ ಕೆಲಸಕ್ಕೆ ಅಂಕವನ್ನೂ ಸಣ್ಣ ಗೌರವಧನವನ್ನೂ ಕೊಡಬೇಕು. ಅವರು ಮಾಡಬೇಕಾದದ್ದು ಅಂಗಡಿಗೆ ಪ್ರತ್ಯೇಕ ಖಾತೆ ಮಾಡಿಸುವುದು, ದಿನದ ಜಮಾ ಖರ್ಚನ್ನು ಕನ್ನಡದಲ್ಲೇ ಬರೆಯಲು ಮನೆಯ ಒಬ್ಬರಿಗೆ ಕಲಿಸುವುದು, ತಿಂಗಳ ಕೊನೆಗೆ ಉಳಿಕೆ ಎಷ್ಟೆಂದು ಕುಳಿತು ತೋರಿಸುವುದು. ಕೈಬರಹದ ಪುಸ್ತಕವೇ ಸಾಕು, ಬೇಕಾದವರು ಮುಂದೆ ಮೊಬೈಲಿಗೆ ಹೋಗಲಿ. ಲೆಕ್ಕವನ್ನು ಬರೆಯುವ ಕೈ ಮನೆಯ ಹೆಣ್ಣುಮಕ್ಕಳದಾದರೆ ಇನ್ನೂ ಒಳ್ಳೆಯದು, ಏಕೆಂದರೆ ಉದ್ರಿ ಯಾರದ್ದು ಎಷ್ಟು ಎಂಬುದು ಬಹಳಷ್ಟು ಕಡೆ ಅವರಿಗೇ ಚೆನ್ನಾಗಿ ಗೊತ್ತು. ಹೀಗೆ ಬರೆದ ಒಂದು ವರ್ಷದ ಪುಸ್ತಕಕ್ಕೆ ಕೇಂದ್ರದ ಮೊಹರು ಬಿದ್ದರೆ, ಸಣ್ಣ ಮೊತ್ತದ ಸಾಲಕ್ಕೆ ಅದನ್ನೇ ದಾಖಲೆಯಾಗಿ ಒಪ್ಪುವಂತೆ ಜಿಲ್ಲಾ ಮಟ್ಟದ ಬ್ಯಾಂಕರುಗಳ ಸಭೆಯಲ್ಲಿ ತೀರ್ಮಾನವಾಗಬೇಕು.

ತೆರಿಗೆ ಇಲಾಖೆಯಲ್ಲಿ ಕೇಳಿಕೊಳ್ಳುವುದು ಇಷ್ಟೇ. ಯಾರದೇ ಖಾತೆಯ ಜಮೆ ಮಿತಿಯ ಹತ್ತಿರ ಬಂದಾಗ, ಆ ವರ್ಷವೇ, ಕನ್ನಡದಲ್ಲಿ, ಎಲ್ಲಿಗೆ ಬಂದು ಯಾರನ್ನು ಕಾಣಬೇಕೆಂಬ ವಿವರದೊಂದಿಗೆ ತಿಳಿವಳಿಕೆ ಪತ್ರ ಕಳಿಸಲಿ. ನಾಲ್ಕು ವರ್ಷ ಸುಮ್ಮನಿದ್ದು ಒಟ್ಟಿಗೆ ಬಡ್ಡಿ ಸಮೇತ ಕೇಳುವುದರಿಂದ ಇಲಾಖೆಗೂ ಹಣ ಬರುವುದಿಲ್ಲ, ಅಂಗಡಿಯೂ ಉಳಿಯುವುದಿಲ್ಲ. 2025ರ ಸೆಪ್ಟೆಂಬರ್ 22ರಂದು ತೆರಿಗೆ ದರಗಳು ಬದಲಾಗಿ, ಕೇಕು, ಬಿಸ್ಕತ್ತು ಶೇ 18ರಿಂದ ಶೇ 5ಕ್ಕೆ ಇಳಿದಾಗ, ಹಳೆಯ ದಾಸ್ತಾನನ್ನು ಯಾವ ಬೆಲೆಗೆ ಮಾರಬೇಕೆಂದು ತಿಳಿಯದೆ ಅಂಗಡಿಯವರು ನಮ್ಮಂಥವರ ಬಾಗಿಲಿಗೆ ಬಂದು ನಿಂತಿದ್ದರು. ದರ ಇಳಿದದ್ದು ಒಳ್ಳೆಯ ಸುದ್ದಿ, ಆದರೆ ಅದನ್ನು ಅಂಗಡಿಯ ಮಟ್ಟದಲ್ಲಿ ಬಿಡಿಸಿ ಹೇಳುವ ಸರ್ಕಾರಿ ವ್ಯವಸ್ಥೆ ಅಂದು ತಾಲ್ಲೂಕುಗಳಲ್ಲಿ ನನ್ನ ಕಣ್ಣಿಗೆ ಬೀಳಲಿಲ್ಲ.

ದೀಪಾವಳಿಯ ಲಕ್ಷ್ಮೀಪೂಜೆಯಲ್ಲಿ ಹೊಸ ಕಿರ್ದಿ ಪುಸ್ತಕಕ್ಕೆ ಅರಿಶಿನ ಕುಂಕುಮ ಹಚ್ಚುವ ಪದ್ಧತಿ ನಮ್ಮ ಪೇಟೆಗಳಲ್ಲಿ ಇನ್ನೂ ಇದೆ, ಹಾಗಾಗಿ ಈ ಕೆಲಸ ಶುರು ಮಾಡಲು ಅದಕ್ಕಿಂತ ಅನುಕೂಲವಾದ ಕಾಲ ಬೇರೆ ಸಿಗಲಾರದು. ಬಜೆಟ್ ಪೂರ್ವ ಸಭೆಗಳಲ್ಲಿ ವಾಣಿಜ್ಯೋದ್ಯಮ ಸಂಘಗಳು ಸಾಲ ಮತ್ತು ಸಬ್ಸಿಡಿಯ ಜೊತೆಗೆ ಈ ಬೇಡಿಕೆಯನ್ನೂ ಇಡಬೇಕೆಂದು ಅವರಲ್ಲಿ ವಿನಂತಿಸುತ್ತೇನೆ. ಎರಡು ಮೂರು ತಾಲ್ಲೂಕುಗಳಲ್ಲಿ ಪ್ರಯೋಗಕ್ಕೆಂದು ಆರಂಭಿಸಿದರೂ ಸಾಕು, ಮೇಲ್ವಿಚಾರಣೆಯ ಕೆಲಸಕ್ಕೆ ಸಂಬಳ ಕೇಳದೆ ಬರಲು ನಾನೂ ನನ್ನ ಕೆಲವು ಸಹೋದ್ಯೋಗಿಗಳೂ ಸಿದ್ಧರಿದ್ದೇವೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಲೆಕ್ಕಪತ್ರ ಬರಹಗಾರ, ದಾವಣಗೆರೆ