ಡವ್‌ಟೇಲ್ ಜಾಬ್ ಗುಜರಿಗೆ ಹಾಕಬೇಡಿ

ಮಾನ್ಯರೇ,

ಹುಳುಗಳ ಫೋಟೊ ತೆಗೆಯುವುದು ದುಡ್ಡಿದ್ದವರ ಹವ್ಯಾಸ ಎಂದು ಓದುಗರೊಬ್ಬರು ಇಲ್ಲಿ ಬರೆದಿದ್ದರು. ಕ್ಯಾಮೆರಾ, ಮ್ಯಾಕ್ರೊ ಲೆನ್ಸ್ ದುಬಾರಿ, ನಿಜ. ಆದರೆ ಫ್ಲ್ಯಾಶ್ ಕೂರಿಸುವ ಹಿಡಿಕೆಗೂ ಸಾವಿರಗಟ್ಟಲೆ ಸುರಿಯಬೇಕಿಲ್ಲ. ನಾನೇ ಮಾಡಿಕೊಂಡಿದ್ದೇನೆ, ಅದೂ ಐಟಿಐ ಫಿಟ್ಟರ್ ಮಕ್ಕಳು ಅಭ್ಯಾಸಕ್ಕೆ ಮಾಡುವ ಡವ್‌ಟೇಲ್ ಜಾಬ್‌ನ (ಓರೆ ಅಂಚಿನ ಎರಡು ಲೋಹದ ತುಂಡು ಒಂದರೊಳಗೊಂದು ಕೂರುವ ಜೋಡಣೆ) ರೀತಿಯಲ್ಲೇ.

ಇಪ್ಪತ್ತಾರು ವರ್ಷ ಐಟಿಐ ಮಕ್ಕಳಿಗೆ ಲೋಹ ಉಜ್ಜುವ ಅರ ಹಿಡಿಯುವುದನ್ನು ಕಲಿಸಿದವನು ನಾನು. ಈಗ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಕ್ಯಾಮೆರಾ ಹಿಡಿದು ಓಡಾಡುತ್ತೇನೆ. ಎಲೆ ಹೊಲಿದು ಗೂಡು ಕಟ್ಟುವ ಕೆಂಜಿಗ ಗೊತ್ತಲ್ವಾ? ಅದರ ಪಕ್ಕದಲ್ಲೇ ಥೇಟ್ ಕೆಂಜಿಗದಂತೆ ಕಾಣುವ ಒಂದು ಜೇಡ ಓಡಾಡುತ್ತದೆ. ಮುಂದಿನ ಎರಡು ಕಾಲೆತ್ತಿ ಮೀಸೆಯ ಹಾಗೆ ಆಡಿಸುತ್ತದೆ. ಎಣಿಸಿದರೆ ಮಾತ್ರ ಗುಟ್ಟು ರಟ್ಟಾಗುವುದು. ಎಂಟು ಕಾಲು!

ಅಷ್ಟು ಹತ್ತಿರ ಹೋದಾಗ ಚೊಕ್ಕವಾಗಿ ಮೂಡುವುದು ಒಂದೆರಡು ಮಿಲಿಮೀಟರ್ ಮಾತ್ರ. ಅದಕ್ಕೇ ಲೆನ್ಸಿನೊಳಗಿನ ಕಿಂಡಿ ಕಿರಿದು ಮಾಡಿ ಎಫ್ 11 ಇಡಬೇಕು. ಆಗ ಬೆಳಕು ಸಾಲದು, ಲೆನ್ಸಿನ ಬಾಯಿ ಹತ್ತಿರವೇ ಫ್ಲ್ಯಾಶ್ ಬೇಕು. ಪೊದೆಯೊಳಗೆ ತೂರುವಾಗ ಅದನ್ನು ತೆಗೆಯಬೇಕು, ಮತ್ತೆ ಹಾಕಬೇಕು. ಸ್ಕ್ರೂ ತಿರುಗಿಸುತ್ತಾ ಕುಳಿತರೆ ಜೇಡ ಎಲೆಯ ಹಿಂದೆ ಹೋಗಿರುತ್ತದೆ.

ಅಲ್ಯೂಮಿನಿಯಂ ಕಿಟಕಿ ಮಾಡುವ ಅಂಗಡಿಯಿಂದ ಉಳಿದ ತುಂಡು ತಂದೆ. 38 ಮಿ.ಮೀ. ಅಗಲಕ್ಕೆ ಕೊಯ್ದು, ಎರಡು ಅಂಚನ್ನೂ 45 ಡಿಗ್ರಿಗೆ ಉಜ್ಜಿದೆ. ಇದು ಫ್ಲ್ಯಾಶ್ ಕೂರುವ ತಟ್ಟೆ. ಕ್ಯಾಮೆರಾದ ತಳದಿಂದ ಬರುವ ತೋಳಿನ ತುದಿಯಲ್ಲಿ ಎರಡು ದವಡೆ. ಒಂದು ಕದಲುವುದಿಲ್ಲ, ಇನ್ನೊಂದನ್ನು ಹಳೇ ಸೈಕಲ್ ಸೀಟಿನ ಲಿವರ್ ಬಿಗಿ ಮಾಡುತ್ತದೆ. ಲಿವರ್ ಎತ್ತಿದರೆ ಫ್ಲ್ಯಾಶ್ ಕೈಗೆ ಬರುತ್ತದೆ, ಒತ್ತಿದರೆ ಗಟ್ಟಿ. ಕ್ಯಾಮೆರಾದ ತಳಕ್ಕೆ ಕಾಲಿಂಚಿನ ಬೋಲ್ಟೇ ಬೇಕು. 6 ಮಿ.ಮೀ. ಬೋಲ್ಟ್ ಕೂತಂತೆ ಕಂಡರೂ ಅದರ ಮರೆ (ಥ್ರೆಡ್) ಬೇರೆ, ಕ್ಯಾಮೆರಾ ಹಾಳಾಗುತ್ತದೆ.

ಮೊದಲ ದಿನವೇ ಲಂಟಾನ ಕಡ್ಡಿ ಸಿಕ್ಕಿ ಲಿವರ್ ಸಡಿಲವಾಯಿತು. ಫ್ಲ್ಯಾಶ್ ಜಾರಿ ಕಲ್ಲಿನ ಮೇಲೆ ಬಿತ್ತು. ಆಮೇಲೆ ತಟ್ಟೆಯ ಕೆಳಗೆ ಎರಡೂ ತುದಿಗೆ ಒಂದೊಂದು ಸಣ್ಣ ಸ್ಕ್ರೂ ಹಾಕಿದೆ. ಈಗ ಲಿವರ್ ಅರ್ಧ ಬಿಟ್ಟರೂ ತಟ್ಟೆ ಜಾರುವುದಿಲ್ಲ.

ಈ ತಟ್ಟೆ, ದವಡೆ ಬೇರೇನಲ್ಲ. ಫಿಟ್ಟರ್ ಮಕ್ಕಳು ಮಾಡುವ ಡವ್‌ಟೇಲ್ ಫಿಟ್ಟಿಂಗೇ. ಅಲ್ಲಿ ಸಾಮಾನ್ಯವಾಗಿ 60 ಡಿಗ್ರಿ, ಇಲ್ಲಿ 45, ಅಷ್ಟೇ. ಪಾಪ, ದಿನಗಟ್ಟಲೆ ಉಜ್ಜುತ್ತಾರೆ, ವರ್ನಿಯರ್ ಹಿಡಿದು ಅಳೆಯುತ್ತಾರೆ, ಬೆಳಕಿಗೆ ಹಿಡಿದು ಸಂದು ನೋಡುತ್ತಾರೆ. ಮಾರ್ಕು ಸಿಕ್ಕ ಮೇಲೆ ಜಾಬ್ ಗುಜರಿಗೆ. ನಾನೇ ಎಷ್ಟೋ ಹಾಕಿಸಿದ್ದೇನೆ. ನೆನೆದರೆ ಹೊಟ್ಟೆ ಉರಿಯುತ್ತದೆ.

ಮೈಸೂರು, ಮಂಡ್ಯದ ಐಟಿಐ ಬೋಧಕರಲ್ಲಿ ನನ್ನ ವಿನಂತಿ ಇಷ್ಟೆ. ಒಂದು ಬ್ಯಾಚಿಗಾದರೂ ಇದನ್ನೇ ಜಾಬ್ ಆಗಿ ಕೊಡಿ. ಮಾಡಿದ ಹುಡುಗನೇ ಮನೆಗೆ ಒಯ್ಯಲಿ, ಇಲ್ಲವೇ ಕ್ಯಾಮೆರಾ ಇರುವ ಕಾಲೇಜು ಮಕ್ಕಳಿಗೆ ಕೊಡಲಿ. ಕರೆದರೆ ನಾನೂ ಬಂದು ತೋರಿಸುತ್ತೇನೆ. ಅರ ನನ್ನದೇ ತರುತ್ತೇನೆ.

– ನಿವೃತ್ತ ಕಿರಿಯ ತರಬೇತಿ ಅಧಿಕಾರಿ (ಫಿಟ್ಟರ್), ಸರಸ್ವತಿಪುರಂ, ಮೈಸೂರು