ಜಾರ್ಜ್ ಇನ್: ಭಾನುವಾರದ ಭೇಟಿಗೆ ಮುನ್ನ

ಗುಂಪಿನ ಸದಸ್ಯರ ಗಮನಕ್ಕೆ,

ಭಾನುವಾರ ಇಂಗ್ಲೆಂಡಿನ ಸಾಮರ್‌ಸೆಟ್‌ನಲ್ಲಿರುವ ನಾರ್ಟನ್ ಸೇಂಟ್ ಫಿಲಿಪ್ ಗ್ರಾಮದ ಜಾರ್ಜ್ ಇನ್ ಎಂಬ ಹಳೆಯ ಪಬ್‌ಗೆ ಬರುವವರು, ಊಟಕ್ಕೆ ಕೂರುವ ಮೊದಲು ರಸ್ತೆಯ ಆಚೆ ಬದಿಯಲ್ಲಿ ನಿಂತು ಅದರ ಮುಂಭಾಗವನ್ನು ನಿಧಾನವಾಗಿ ನೋಡಬೇಕೆಂದು ಕೋರುತ್ತೇನೆ. ನೆಲಮಟ್ಟದ ಅಂತಸ್ತು ಕಲ್ಲಿನದು. ಮೇಲಿನ ಎರಡು ಅಂತಸ್ತುಗಳು ಮರದ ಚೌಕಟ್ಟಿನವು, ಬೀದಿಯ ಕಡೆಗೆ ತುಸು ಮುಂದಕ್ಕೆ ಚಾಚಿಕೊಂಡಿವೆ. ಒಳಗಿನ ತೊಲೆಗಳು ಕೆಳಗಿನ ಗೋಡೆಯನ್ನು ದಾಟಿ ಹೊರಬಂದು, ಆ ತುದಿಗಳ ಮೇಲೆಯೇ ಮೇಲಿನ ಗೋಡೆಯನ್ನು ಹೊತ್ತು ನಿಲ್ಲುವುದು ಇಂಥ ಕಟ್ಟಡಗಳ ಕ್ರಮ. ಚಾಚಿನ ಅಡಿಯಲ್ಲಿ ನಿಂತು ಕತ್ತೆತ್ತಿದರೆ ಇದು ಸ್ಪಷ್ಟವಾಗುತ್ತದೆ.

ಈ ಮಿಶ್ರರೂಪಕ್ಕೆ ಕಾರಣವಿದೆ. ಹತ್ತಿರದ ಹಿಂಟನ್ ಮಠದ ಕಾರ್ತೂಸಿಯನ್ ಎಂಬ ಕ್ರೈಸ್ತ ಪಂಥದ ಸಂನ್ಯಾಸಿಗಳು ಇಲ್ಲಿ ಉಣ್ಣೆಯ ಜಾತ್ರೆ ನಡೆಸುತ್ತಿದ್ದರು. ಬಂದ ವ್ಯಾಪಾರಿಗಳಿಗೆ ತಂಗಲು ಜಾಗವೂ ಉಣ್ಣೆ ಇಡಲು ಉಗ್ರಾಣವೂ ಬೇಕಾಗಿದ್ದವು. ಮಧ್ಯಯುಗದ ಕಲ್ಲಿನ ಕಟ್ಟಡದ ಮೇಲೆ ಸುಮಾರು 1500ರ ಹೊತ್ತಿಗೆ ಈ ಮರದ ಅಂತಸ್ತುಗಳು ಎದ್ದವು. 1685ರಲ್ಲಿ ರಾಜ ಎರಡನೇ ಜೇಮ್ಸ್‌ನ ವಿರುದ್ಧ ದಂಗೆ ಎದ್ದ ಮನ್ಮತ್‌ನ ಡ್ಯೂಕ್ ಆ ಸಮಯದಲ್ಲಿ ಇಲ್ಲಿ ತಂಗಿದ್ದನೆಂಬುದನ್ನೇ ಎಲ್ಲರೂ ಹೇಳುತ್ತಾರೆ. ನನಗಂತೂ ಮುಂಭಾಗದ ನಡುವಿನ ಕಲ್ಲಿನ ಕಮಾನು ಅದಕ್ಕಿಂತ ಹೆಚ್ಚು ಕುತೂಹಲದ ವಸ್ತು. ಅದರ ಮೂಲಕ ಹಾದು ಹಿಂದಿನ ಅಂಗಳಕ್ಕೆ ಹೋದರೆ, ಬೀದಿಯಿಂದ ಕಾಣದ ಮರದ ಗ್ಯಾಲರಿ ಎದುರಾಗುತ್ತದೆ.

ಇದು ಗ್ರೇಡ್ ಒಂದರ, ಅಂದರೆ ಅತ್ಯುನ್ನತ ದರ್ಜೆಯ, ಸಂರಕ್ಷಿತ ಕಟ್ಟಡವಾದ್ದರಿಂದ ಮರದ ಭಾಗಗಳಿಗೆ ಒರಗದಿರಿ, ಒಳಗೆ ಫೋಟೋ ತೆಗೆಯುವ ಮುನ್ನ ಸಿಬ್ಬಂದಿಯ ಅನುಮತಿ ಪಡೆಯಿರಿ. ರೇಖಾಚಿತ್ರ ಬರೆಯುವವರು ಬೆಳಗ್ಗೆ 10 ಗಂಟೆಗೇ ಬಂದರೆ ಒಳ್ಳೆಯದು.