ದಾನಿಗಳ ಪಟ್ಟಿ ಒಬ್ಬರ ಲ್ಯಾಪ್‌ಟಾಪಿನಲ್ಲಿ ಇರಬಾರದು

ಮಾನ್ಯ ಸಂಪಾದಕರೇ,

ಹೋದ ವರ್ಷ ನಮ್ಮ ಊರಿನ ಕನ್ನಡ ಶಾಲೆಯ ಹಳೆ ವಿದ್ಯಾರ್ಥಿಗಳ ಸಂಘದಿಂದ ದಾನಿಯೊಬ್ಬರಿಗೆ, ಈ ಸಲವೂ ಕೈಜೋಡಿಸಿ ಅಂತ ಪತ್ರ ಹಾಕಿದೆವು. ಫೋನ್ ಮಾಡಿದ್ದು ಅವರ ಹೆಂಡತಿ. ಆ ದಾನಿ ತೀರಿಕೊಂಡು ಆಗಲೇ ಎರಡು ವರ್ಷವಾಗಿತ್ತು. ನಮ್ಮಲ್ಲೇ ನಾಲ್ಕೈದು ಜನ ಮಣ್ಣಿಗೆ ಹೋಗಿ ಬಂದಿದ್ದರು, ಆದರೆ ಪಟ್ಟಿ ಇದ್ದದ್ದು ಹಿಂದಿನ ಕಾರ್ಯದರ್ಶಿಯ ಲ್ಯಾಪ್‌ಟಾಪಿನ ಒಂದು ಎಕ್ಸೆಲ್ ಶೀಟಿನಲ್ಲಿ, ಅದನ್ನು ಯಾರೂ ತಿದ್ದಿರಲಿಲ್ಲ. ಆ ಅಮ್ಮ ಬೈಯಲೂ ಇಲ್ಲ. ನನಗೆ ಅದೇ ಜಾಸ್ತಿ ನೋವಾಯಿತು.

ಮೂಡಿಗೆರೆ, ಕೊಪ್ಪ, ಕಡೂರು ಎಲ್ಲಿ ಕೇಳಿದರೂ ಸಣ್ಣ ಸಂಘಗಳ ಕತೆ ಹೀಗೇ ಇದೆ. ರಸೀದಿ ಪುಸ್ತಕ ಒಬ್ಬರ ಹತ್ತಿರ, ಫೋನ್ ನಂಬರ್ ಇನ್ನೊಬ್ಬರ ಹತ್ತಿರ, ಉಳಿದದ್ದು ವಾಟ್ಸಾಪ್ ಗುಂಪಿನಲ್ಲಿ.

ಇದಕ್ಕೆ ಸಿವಿಸಿಆರ್‌ಎಂ (CiviCRM) ಅಂತ, ಸಂಘದ ಜನರ ವಿವರವನ್ನೆಲ್ಲ ಒಂದೇ ಕಡೆ ಇಡುವ ಒಂದು ಮುಕ್ತ ತಂತ್ರಾಂಶ ಇದೆ. 2005ರಿಂದ ಇದೆ, ದಾನ ಮತ್ತು ಸದಸ್ಯತ್ವದಿಂದ ನಡೆಯುವ ಸಂಸ್ಥೆಗಳಿಗೆ ಅಂತಲೇ ಮಾಡಿದ್ದು. ವರ್ಡ್‌ಪ್ರೆಸ್, ಡ್ರೂಪಲ್, ಜೂಮ್ಲಾದಲ್ಲಿ ಕಟ್ಟಿದ ವೆಬ್‌ಸೈಟಿನ ಒಳಗೇ ಕೂರುತ್ತದೆ. ನನಗೆ ಇಷ್ಟವಾದದ್ದು ಅದು ಸಂಬಂಧಗಳನ್ನು ಇಟ್ಟುಕೊಳ್ಳುವ ರೀತಿ. ನಮ್ಮ ಕಡೆ ಕಾಫಿ ತೋಟ ಅಪ್ಪನ ಹೆಸರಲ್ಲಿರುತ್ತದೆ, ದುಡ್ಡು ಕಳಿಸುವುದು ಬೆಂಗಳೂರಿನಲ್ಲಿರುವ ಮಗಳು, ಶಾಲೆಯ ಸಭೆಗೆ ಬರುವುದು ತಮ್ಮ. ಮೂವರನ್ನೂ ಬೇರೆ ಬೇರೆ ಬರೆದು ಒಂದೇ ಮನೆಯವರು ಅಂತ ಜೋಡಿಸಬಹುದು. ಯಾರಾದರೂ ತೀರಿಕೊಂಡರೆ ಒಂದು ಗುರುತು ಹಾಕಿದರೆ ಸಾಕು, ಆಮೇಲೆ ಅವರ ಹೆಸರಿಗೆ ಸಂಘದ ಇಮೇಲ್ ಹೋಗುವುದಿಲ್ಲ. ಮಂಜುನಾಥ, ಮಂಜುನಾಥ್, ಮಂಜಣ್ಣ ಅಂತ ಮೂರು ಸಲ ಸೇರಿದ ಒಬ್ಬರೇ ಮನುಷ್ಯರನ್ನು ಫೋನ್ ನಂಬರ್ ನೋಡಿ ಒಂದು ಮಾಡಬಹುದು. ಹೋದ ವರ್ಷ ಕೊಟ್ಟು ಈ ವರ್ಷ ಕೊಡದವರು ಯಾರು ಅಂತಲೂ ತೋರಿಸುತ್ತದೆ. ಅಂಥವರಿಗೆ ದುಡ್ಡು ಕೇಳುವ ಮೊದಲು ಹೇಗಿದ್ದೀರಿ ಅಂತ ಒಂದು ಫೋನ್ ಮಾಡಬೇಕು, ಅಲ್ವಾ? ದಾನಿಗೆ ಆದಾಯ ತೆರಿಗೆ ರಿಯಾಯಿತಿ ಸಿಗುವ ರಸೀದಿ ಕೊಡುವ ಸಂಘಗಳಿಗಂತೂ ದಾನಿಯ ಹೆಸರು, ವಿಳಾಸ, ಪ್ಯಾನ್ ಒಂದೇ ಕಡೆ ಸರಿಯಾಗಿ ಇರಲೇಬೇಕು.

ತಂತ್ರಾಂಶ ಉಚಿತ, ಆದರೆ ಸುಮ್ನೆ ಹಾಕಿ ಬಿಟ್ಟರೆ ನಡೆಯುವುದಿಲ್ಲ. ಸರ್ವರ್ ಬಾಡಿಗೆ ಇದೆ, ಬ್ಯಾಕಪ್ ತೆಗೆಯಬೇಕು, ಹೊಸ ಆವೃತ್ತಿ ಬಂದಾಗ ಹಾಕಬೇಕು. ಹಣದ ವಿವರ ಖಜಾಂಚಿ ಮಾತ್ರ ನೋಡುವ ಹಾಗೆ ಅನುಮತಿ ಕೊಡಬಹುದು, ಅದನ್ನು ಮೊದಲ ದಿನವೇ ಮಾಡಬೇಕು. ಜನ ನಂಬಿ ಕೊಟ್ಟ ವಿವರ ಅದು.

ಹಾಸನದಲ್ಲಿ 1960ರಿಂದ ಮಲೆನಾಡು ಎಂಜಿನಿಯರಿಂಗ್ ಕಾಲೇಜು ಇದೆ, ಚಿಕ್ಕಮಗಳೂರಿನಲ್ಲಿ ಆದಿಚುಂಚನಗಿರಿ ತಾಂತ್ರಿಕ ಕಾಲೇಜು ಇದೆ. ಕೊನೆಯ ವರ್ಷದ ಮಕ್ಕಳು ಹೇಗೂ ಪ್ರಾಜೆಕ್ಟ್ ಮಾಡಲೇಬೇಕು. ಒಂದೊಂದು ತಂಡ ಊರಿನ ಒಂದೊಂದು ಸಂಘಕ್ಕೆ ಇದನ್ನು ಕೂರಿಸಿಕೊಟ್ಟು, ಸಂಘದ ಇಬ್ಬರಿಗೆ ಕಲಿಸಿ ಹೋಗಲಿ. ಒಬ್ಬರಿಗಲ್ಲ, ಇಬ್ಬರಿಗೆ. ಕಾಲೇಜಿನವರು ಒಪ್ಪಿದರೆ ನಮ್ಮ ಸಂಘದ ಪಟ್ಟಿ ಹಿಡಿದುಕೊಂಡು ಮೊದಲು ನಾನೇ ಬರುತ್ತೇನೆ.

– ಒಬ್ಬ ಓದುಗ, ಚಿಕ್ಕಮಗಳೂರು